ಅಲ್ಬಾನನ ಚೀಸ್

ಎದುರು ಸೀಟಿನ ಹೆಂಗಸಿನ ತೊಡೆಯ ಮೇಲೆ ಆ ಚೀಸ್ ಕಂಡದ್ದೇ ತಡ, ಅಲ್ಬಾನ್ ಸತ್ತನೆಂದು ಕ್ವಿರಿನ್‌ಗೆ ಖಾತ್ರಿಯಾಯಿತು.

ಅನುಮಾನಕ್ಕೆ ಜಾಗವೇ ಇರಲಿಲ್ಲ. ಬೆಟ್ಟದ ಮೇಲಿನ ಅವರ ಓಬರ್‌ಮಾಟ್ ಹಳ್ಳಿಯಲ್ಲಿ ಗಂಡಸಿನ ಮದುವೆಯ ದಿನ ಬೀಸುಕಲ್ಲಿನಷ್ಟು ದೊಡ್ಡ ಚೀಸೊಂದರ ಮೇಲೆ ಅವನ ಹೆಸರು ಕೊರೆದು ನೆಲಮಾಳಿಗೆಯಲ್ಲಿ ಇಡುತ್ತಾರೆ. ಅದಕ್ಕೆ ಚಾಕು ತಾಗುವುದು ಅವನನ್ನು ಮಣ್ಣು ಮಾಡಿದ ದಿನವೇ. ಅವತ್ತು ಊರಿಗೆ ಊರೇ ಕೂತು ತಿನ್ನುತ್ತದೆ, ಅವನೊಬ್ಬನನ್ನು ಬಿಟ್ಟು. ಅಲ್ಬಾನ್ ಊರು ಬಿಟ್ಟು ಕೆಳಗಿನ ಪೇಟೆ ಸೇರಿದಾಗ ಮೊದಲು ಸಾಗಿಸಿದ್ದು ಈ ಚೀಸನ್ನು, ಆಮೇಲೆ ಹೆಂಡತಿಯನ್ನು. ಈಗ ಅದೇ ಹೆಂಡತಿ ಫಿಲೊಮೆನಾ, ಭಾನುವಾರದ ಕಪ್ಪು ಉಡುಪು ತೊಟ್ಟು, ಅದೇ ಚೀಸನ್ನು ಮಡಿಲಲ್ಲಿಟ್ಟುಕೊಂಡು ಬೆಟ್ಟದ ರೈಲುಗಾಡಿಯಲ್ಲಿ ಊರಿನತ್ತ ಹೊರಟಿದ್ದಾಳೆ. ಇನ್ನೇನು ಕೇಳುವುದಿದೆ?

ಗಾಡಿ ಸುರಂಗ ಹೊಕ್ಕಿತು. ಕತ್ತಲಲ್ಲಿ ಕ್ವಿರಿನ್ ಹಲ್ಲು ಕಿಸಿದ. ಹೊಸದಾಗಿ ಕಟ್ಟಿಸಿದ ಹಲ್ಲು. ಬೆಳಿಗ್ಗೆಯಷ್ಟೇ ಪೇಟೆಯ ದಂತವೈದ್ಯರಲ್ಲಿ ಕೂರಿಸಿಕೊಂಡು ಬಂದಿದ್ದ. ಬೆಳಕು ಬರುವಷ್ಟರಲ್ಲಿ ಮುಖವನ್ನು ಮತ್ತೆ ಸಾವಿನ ಮನೆಗೆ ಒಪ್ಪುವಂತೆ ಜೋಲು ಮಾಡಿಕೊಂಡ.

ಅವನು ಮದುವೆಯಾಗದೆ ಉಳಿದದ್ದೇ ಇವಳಿಂದ. ಹರೆಯದಲ್ಲಿ ಇಬ್ಬರೂ ಇವಳ ಹಿಂದೆ ಬಿದ್ದಿದ್ದರು, ಅಲ್ಬಾನ್ ಹಾರಿಸಿಕೊಂಡು ಹೋದ. ಅಂದಿನಿಂದ ಕ್ವಿರಿನ್ ಒಂದೇ ತಟ್ಟೆ, ಒಂದೇ ಲೋಟ ತೊಳೆಯುತ್ತ ಬಂದಿದ್ದಾನೆ. ಈ ವಯಸ್ಸಿನಲ್ಲಾದರೂ ಎರಡನೇ ತಟ್ಟೆ ತೊಳೆಯುವ ಭಾಗ್ಯ ಬರಬಹುದೇನೋ.

"ಯಾವಾಗ ಆಯ್ತು?" ಮೆಲ್ಲಗೆ ಕೇಳಿದ.

"ಬೆಳಿಗ್ಗೆನೇ ಮುಗೀತು," ಎಂದಳು ಫಿಲೊಮೆನಾ. ಕಣ್ಣು ಕೆಂಪಾಗಿದ್ದವು.

"ಅವನಿಗೆ ತುಂಬಾ ನೋವಾಯ್ತಾ?"

"ಅವನಿಗಾ? ಗೊತ್ತೇ ಆಗ್ಲಿಲ್ಲ. ಮಲಗಿದ್ದ."

"ಪುಣ್ಯವಂತ," ಎಂದ ಕ್ವಿರಿನ್. "ಮತ್ತೆ ಅವನು ಮೇಲೆ ಊರಿಗೆ ಯಾವಾಗ ಬರ್ತಾನೆ?"

"ಬರ್ತಾನೆ, ಬರ್ತಾನೆ. ಇದು ಇಲ್ಲಿದ್ದಮೇಲೆ ಬರದೆ ಎಲ್ಲಿ ಹೋಗ್ತಾನೆ?" ಫಿಲೊಮೆನಾ ಚೀಸಿನ ಮೇಲೆ ಒಂದು ಪೆಟ್ಟು ಕೊಟ್ಟಳು.

ದುಃಖದಲ್ಲಿ ಹೆಂಗಸರು ಏನೇನೋ ಮಾಡುತ್ತಾರೆ ಎಂದುಕೊಂಡ ಕ್ವಿರಿನ್.

ಗಾಡಿಯ ಹಲ್ಲುಚಕ್ರ ಹಳಿ ಕಚ್ಚಿ ಗುರುಗುಟ್ಟುತ್ತ ಏರತೊಡಗಿತು. ಬಲಕ್ಕೆ ಕಮರಿ, ಎಡಕ್ಕೆ ಜಲಪಾತ, ಎದುರಿಗೆ ಹಿಮನದಿ. ಪ್ರವಾಸಿಗರು ಒಬ್ಬರ ಭುಜದ ಮೇಲೊಬ್ಬರು ಬಿದ್ದು ಫೋಟೋ ಹೊಡೆಯುತ್ತಿದ್ದರು. ಕ್ವಿರಿನ್ ಲೆಕ್ಕ ಹಾಕುತ್ತಿದ್ದ. ವಿಧವೆಯ ಮನಸ್ಸು ಗೆಲ್ಲುವ ದಾರಿ ಯಾವುದು? ಸತ್ತವನನ್ನು ಹೊಗಳುವುದು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎನ್ನುತ್ತಾರಲ್ಲ, ಕರೆದುಬಿಡೋಣ, ಖರ್ಚೇನು?

"ಜನ ಅವನನ್ನ ಜುಗ್ಗ ಅಂತಿದ್ರು," ಎಂದು ಶುರುಮಾಡಿದ. "ಆದ್ರೆ ಅವನು ಉಳಿಸಿದ್ದೆಲ್ಲ ನಿನಗೋಸ್ಕರ ಕಣೇ. ನಾಳೆ ನಿನಗೆ ಕಷ್ಟ ಬರಬಾರ್ದು ಅಂತ."

ಅಲ್ಬಾನ್ ಬೆಂಕಿಕಡ್ಡಿಯನ್ನು ಸೀಳಿ ಎರಡು ಮಾಡುವ ಪೈಕಿ ಎಂಬುದು ಕ್ವಿರಿನ್‌ಗೆ ಚೆನ್ನಾಗಿ ಗೊತ್ತಿತ್ತು.

ಫಿಲೊಮೆನಾ ಹುಬ್ಬೇರಿಸಿದಳು. "ನನ್ನ ಹತ್ರ ಒಂದು ಒಳ್ಳೆ ಮಾತು ಆಡಿದವನಲ್ಲ."

"ಬಾಯಿ ಬರ್ತಿರ್ಲಿಲ್ಲ, ಅಷ್ಟೆ. ಇಸ್ಪೀಟಿಗೆ ಕೂತಾಗ ನೋಡಬೇಕಿತ್ತು. ನಿನ್ನ ಮಾತೇ ಮಾತು. ಫಿಲೊಮೆನಾ ಇಲ್ಲದಿದ್ರೆ ನಾನು ಮಣ್ಣು ಅಂತಿದ್ದ."

ಇಸ್ಪೀಟಿಗೆ ಕೂತಾಗ ಅಲ್ಬಾನ್ ತನ್ನ ಹಸುವಿನ ಕೆಚ್ಚಲನ್ನು ಬಿಟ್ಟು ಬೇರೆ ಮಾತಾಡಿದ್ದಿಲ್ಲ. ಜೊತೆಗೆ ಎಲೆ ಬಚ್ಚಿಡುತ್ತಿದ್ದ, ಕಳ್ಳ.

"ನನ್ನ ಮಾತಾ? ಅವನಾ?"

"ಕಣ್ಣಲ್ಲಿ ನೀರು ತಂದ್ಕೊಂಡು."

ಅವಳು ಕಿಟಕಿಯತ್ತ ತಿರುಗಿದಳು. ಕೆನ್ನೆಯ ಮೇಲೆ ಹನಿಯೊಂದು ಇಳಿಯಿತು. ಕ್ವಿರಿನ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೊಸ ಹಲ್ಲು ಒಸಡನ್ನು ಒತ್ತುತ್ತಿದ್ದರೂ ನಾಲಿಗೆ ನಿಲ್ಲಲಿಲ್ಲ. ಅಲ್ಬಾನ್ ಪ್ರಾಮಾಣಿಕ, ಅಲ್ಬಾನ್ ಕರುಳುಳ್ಳವನು, ಅಲ್ಬಾನನ ಗೊರಕೆ ಕೂಡ ದುಡಿದು ದಣಿದ ಮೈಯ ಗೊರಕೆ. ಪಾದ್ರಿಗಳು ಇಗರ್ಜಿಯಲ್ಲಿ ಹೇಳುವುದಕ್ಕೂ ಏನೂ ಉಳಿಸಲಿಲ್ಲ.

"ನಿಜ ಹೇಳು ಕ್ವಿರಿನ್," ಫಿಲೊಮೆನಾ ತಟ್ಟನೆ ಅವನ ಕೈ ಹಿಡಿದಳು. "ನಿನಗೂ ಅವನಿಗೂ ಒಂದು ದಿನ ಸರಿಹೋದದ್ದಿಲ್ಲ."

ಆ ಕೈಯ ಬಿಸಿ ಭುಜದವರೆಗೂ ಏರಿತು. "ಅದಕ್ಕೇ ನಂಬು. ಆಗದವನ ಬಾಯಲ್ಲೇ ಇಷ್ಟು ಒಳ್ಳೇದು ಬಂತು ಅಂದ್ರೆ ಅದು ಸುಳ್ಳಾಗಿರುತ್ತಾ?"

"ನಿನ್ನಂಥ ದೊಡ್ಡ ಮನಸ್ಸು ಯಾರಿಗಿದೆ," ಎಂದಳು. ಮದುವೆಯ ಮಾತೆತ್ತಲು ಆರು ತಿಂಗಳು ಕಾಯಬೇಕೆಂದುಕೊಂಡಿದ್ದವನು ಮೂರಕ್ಕೇ ಇಳಿಸಿದ.

ಓಬರ್‌ಮಾಟ್ ಬಂತು. ಪಕ್ಕದ ಹಳಿಯಲ್ಲಿ ಕೆಳಗೆ ಹೋಗುವ ಗಾಡಿ ಹೊರಡಲು ಸಿದ್ಧವಾಗಿ ನಿಂತಿತ್ತು. ಕ್ವಿರಿನ್ ಮೊದಲು ಇಳಿದು ಎರಡೂ ಕೈ ಚಾಚಿದ.

"ಕೊಡು ಇಲ್ಲಿ, ಭಾರ ಇದೆ. ನೇರ ಪಾದ್ರಿಗಳ ಮನೆಗೇ ಹೋಗೋಣ."

"ಪಾದ್ರಿಗಳ ಮನೆಗ್ಯಾಕೆ?" ಫಿಲೊಮೆನಾ ಚೀಸನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು. "ಸಾಕಾಗಿಹೋಗಿತ್ತು ನನಗೆ. ಅವನು ಗೊರಕೆ ಹೊಡೀತಿರೋವಾಗ್ಲೇ ಇದನ್ನ ಎತ್ಕೊಂಡು ಮನೆ ಬಿಟ್ಟೆ. ಇದಿಲ್ಲದೆ ಅವನು ಹೇಗೆ ಸಾಯ್ತಾನೋ ಸಾಯ್ಲಿ, ನಾನು ಕ್ವಿರಿನ್ ಜೊತೆ ಇದ್ಬಿಡ್ತೀನಿ ಅಂತ ನಿನ್ನ ಮನೆಗೇ ಹೊರಟಿದ್ದೆ."

ಕ್ವಿರಿನ್‌ನ ಬಾಯಿ ತೆರೆಯಿತು. ಹೊಸ ಹಲ್ಲು ಜಾರಿತು, ಚಾಚಿದ್ದ ಕೈಯಿಂದ ಅದನ್ನು ಒತ್ತಿ ಹಿಡಿದ.

"ನೀನು ಕಣ್ಣು ತೆರೆಸಿದೆ ಕಣೋ, ಸಾಯಂಕಾಲದೊಳಗೆ ಅವನ ಹತ್ರ ಇರ್ತೀನಿ," ಎಂದು ಫಿಲೊಮೆನಾ ಕೆಳಗೆ ಹೋಗುವ ಗಾಡಿ ಹತ್ತಿದಳು.