ಎಪ್ಪತ್ತನೆಯ ಎಸೆತ

ಅರವತ್ತೊಂಬತ್ತು. ಎಸೆತ ಎಣಿಸುತ್ತಿದ್ದ ದರ್ಜಿ ಹೆಂಗಸಿನ ಹೆಬ್ಬೆರಳು ಎಣಿಕೆ ಯಂತ್ರದ ಗುಂಡಿ ಒತ್ತಿತು. ಇನ್ನೊಂದೇ ಎಸೆತ. ಮೇಜಿನ ಮೇಲಿದ್ದ ಹಳದಿ ಬಟ್ಟೆಯನ್ನು ಮಡಿಸಿ ತೊಡೆಯ ಕೆಳಗೆ ತಳ್ಳಿ, ಅದರ ಮೇಲೆ ಗಟ್ಟಿಯಾಗಿ ಕೂತಳು.

ಹುಡುಗಿಯರ ಸಾಫ್ಟ್‌ಬಾಲ್ ಟೂರ್ನಿಯಲ್ಲಿ ಒಂದು ವಿಷಯ ಬಹಳ ಕಟ್ಟುನಿಟ್ಟು. ಚೆಂಡೆಸೆಯುವ ಹುಡುಗಿ ದಿನಕ್ಕೆ ಎಂಬತ್ತು ಎಸೆತ ಮೀರಬಾರದು. ಎಳೆಯ ಭುಜ ಅದಕ್ಕಿಂತ ಹೆಚ್ಚು ತಾಳುವುದಿಲ್ಲ. ಎಪ್ಪತ್ತಾದ ಕೂಡಲೇ ಎಣಿಸುವ ಮೇಜಿನವರು ಹಳದಿ ಬಟ್ಟೆ ಎತ್ತಬೇಕು, ಕೋಚ್ ಅದನ್ನು ನೋಡಿ ಇನ್ನೊಬ್ಬಳನ್ನು ಸಿದ್ಧ ಮಾಡಬೇಕು. ಬಟ್ಟೆ ಎತ್ತಿದ ಮೇಲೂ ಎಂಬತ್ತು ದಾಟಿಸಿದರೆ ಕೋಚ್ ಎರಡು ವರ್ಷ ಮೈದಾನದಿಂದ ಹೊರಗೆ. ಎರಡನೆಯ ಸಲವೂ ಹಾಗೆ ಮಾಡಿದರೆ ಜೀವನಪೂರ್ತಿ ಹೊರಗೆ. ಮೇಜಿಗೆ ಹಳೇ ಆಟಗಾರ್ತಿಯರನ್ನೋ ಹುಡುಗಿಯರ ಮನೆಯವರನ್ನೋ ಕೂರಿಸುವುದು ಮೊದಲಿನಿಂದ ಬಂದ ವಾಡಿಕೆ.

ಎದುರಿಗೆ ನಿಂತಿದ್ದ ಕೋಚ್ ಎರಡು ವರ್ಷದ ಶಿಕ್ಷೆಯನ್ನು ಒಮ್ಮೆ ಉಂಡವನು. ಹದಿನೆಂಟು ವರ್ಷದ ಹಿಂದೆ, ಇವಳ ಭುಜ ಮುರಿದದ್ದಕ್ಕೆ.

ಆಗ ಅವಳಿಗೆ ಹದಿನೈದು. ಆಯ್ಕೆಗಾರರು ಬಂದು ಕೂತಿದ್ದ ದಿನ. ಎಸೆದಳು, ಎಸೆದಳು, ಕೈ ಸತ್ತುಹೋಗುವ ತನಕ ಎಸೆದಳು. ಎಸೆಯುವವಳ ಕಣ್ಣಿಗೆ ಎದುರಿನ ಬ್ಯಾಟು ಬಿಟ್ಟು ಬೇರೇನೂ ಕಾಣುವುದಿಲ್ಲ. ಶಾಮಿಯಾನದ ನೆರಳಿನಲ್ಲಿರುವ ಮೇಜಂತೂ ಕಾಣುವುದೇ ಇಲ್ಲ. "ಬಟ್ಟೆ ಎತ್ತಿದ್ರೂ ನೋಡದವನ ಹಾಗೆ ನಿಂತಿದ್ದ ಕಣೇ ಆ ಪಾಪಿ" ಎಂದು ಆಮೇಲೆ ಅಪ್ಪ ಹೇಳಿದ್ದ. ಕೋಚ್ ಬಾಯಿ ಬಿಡದೆ ಶಿಕ್ಷೆ ಒಪ್ಪಿಕೊಂಡಿದ್ದ. ತಪ್ಪು ಮಾಡಿದವನಲ್ಲದೆ ಇನ್ಯಾರು ಹಾಗೆ ಸುಮ್ಮನಿರುತ್ತಾರೆ?

ಅವನು ಎರಡು ವರ್ಷ ಮನೆಯಲ್ಲಿ ಕೂತು ಮತ್ತೆ ಬಂದ. ಅವಳ ಕೈ ಮಾತ್ರ ಮತ್ತೆ ಹೆಗಲಿನ ಮೇಲಕ್ಕೆ ಏಳಲಿಲ್ಲ. ತಲೆ ಬಾಚಲೂ ಎಡಗೈಯೇ ಬೇಕು. ಅಪ್ಪ ಇವತ್ತಿಗೂ ದಿನಾ ಬೆಳಿಗ್ಗೆ ಅವಳ ಭುಜಕ್ಕೆ ಎಣ್ಣೆ ತಿಕ್ಕುತ್ತಾನೆ, ತಿಕ್ಕುವಷ್ಟು ಹೊತ್ತೂ ಕೋಚ್‌ಗೆ ಶಾಪ ಹಾಕುತ್ತಾನೆ. ಮೈದಾನದ ಕಡೆಗೆ ಮತ್ತೆ ತಲೆ ಹಾಕಿದವನಲ್ಲ. ಈ ಸಲ ಎಣಿಸಲು ಕೂರುತ್ತೇನೆ ಎಂದು ಅವಳು ಹೇಳಿದಾಗ ಅವನ ಮುಖ ಕಪ್ಪಿಟ್ಟಿತ್ತು. "ಆ ಮೇಜಿನ ಸಹವಾಸ ನಮಗೆ ಬೇಡ" ಎಂದಿದ್ದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಬೆಳಿಗ್ಗೆ ಕೋಚ್ ತಾನಾಗಿಯೇ ಹತ್ತಿರ ಬಂದಿದ್ದ.

"ಭುಜ ಹೇಗಿದೆಯಮ್ಮಾ?"

"ನೀವು ಬಿಟ್ಟ ಹಾಗೇ ಇದೆ ಸರ್."

ಅವನು ತಲೆ ತಗ್ಗಿಸಿದ. "ಮೇಜಿನಲ್ಲಿ ನೀನಿದ್ದೀಯಲ್ಲ. ಇವತ್ತು ನನಗೆ ನೆಮ್ಮದಿ."

ಇರು, ನೆಮ್ಮದಿ ತೋರಿಸುತ್ತೇನೆ, ಎಂದುಕೊಂಡಿದ್ದಳು.

ಎಪ್ಪತ್ತು. ಕೋಚ್ ಮೇಜಿನತ್ತ ನೋಡಿದ. ಅವಳು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡಳು. ಎಪ್ಪತ್ತೈದು. ಮತ್ತೆ ನೋಡಿದ. ಅವಳು ನೀರು ಕುಡಿದಳು.

"ಅಂಪೈರ್ ಸಾಹೇಬ್ರೇ, ಕನ್ನಡಕ ಮನೇಲೇ ಬಿಟ್ಟು ಬಂದ್ರಾ?" ಯಾರದೋ ಚಿಕ್ಕಪ್ಪ ಕೂಗಿದ. ಜನ ನಕ್ಕರು.

ಎಪ್ಪತ್ತೆಂಟು. ಎಸೆಯುತ್ತಿದ್ದ ಹುಡುಗಿಗೆ ಹದಿನಾಲ್ಕಿರಬೇಕು, ಉದ್ದ ಕಾಲಿನ ಬಡಕಲು ಹುಡುಗಿ. ಚೆಂಡು ಬಿಟ್ಟ ಮೇಲೆ ಮೊಣಕೈ ಹಿಡಿದುಕೊಂಡಳು. ಆ ಹಿಡಿತ ದರ್ಜಿಗೆ ಗೊತ್ತು. ಅವಳ ಕೈ ತಾನಾಗಿ ತೊಡೆಯ ಕೆಳಗಿನ ಬಟ್ಟೆಗೆ ಹೋಯಿತು. ಅಷ್ಟರಲ್ಲೇ ಕೋಚ್ ಚಪ್ಪಾಳೆ ತಟ್ಟಿ "ಭಲೇ ಮಗಳೇ" ಎಂದ. ತನಗೂ ಹೀಗೇ ಅನ್ನುತ್ತಿದ್ದವನು. ಅವಳು ಕೈ ಹಿಂದಕ್ಕೆ ತೆಗೆದಳು.

ಎಂಬತ್ತು. ಎಂಬತ್ತೊಂದು. ಎಂಬತ್ತನಾಲ್ಕನೆಯದಕ್ಕೆ ಚೆಂಡು ಕೈಜಾರಿ ಎಲ್ಲೋ ಹೋಯಿತು. ಹುಡುಗಿ ಭುಜ ಅದುಮಿಕೊಂಡು ಮಣ್ಣಿನಲ್ಲಿ ಕುಸಿದಳು.

ಅಂಪೈರ್ ಮೇಜಿಗೆ ಓಡಿ ಬಂದ. ದರ್ಜಿ ಯಂತ್ರವನ್ನು ಅವನ ಮುಖಕ್ಕೆ ಹಿಡಿದಳು.

"ಎಂಬತ್ತನಾಲ್ಕಾ? ಬಟ್ಟೆ ಎತ್ತಲಿಲ್ವಾ ನೀವು?"

"ಎಪ್ಪತ್ತಕ್ಕೇ ಎತ್ತಿದೆ ಸರ್. ಅವರು ನೋಡದವರ ಹಾಗೆ ನಿಂತಿದ್ರು."

ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು. ಮೇಜಿನವರ ಮಾತೇ ಕೊನೆಯ ಮಾತು. ಅಂಪೈರ್ ಅಲ್ಲೇ ಬರೆದುಕೊಂಡ. ಕೋಚ್ ಹುಡುಗಿಯನ್ನು ಎತ್ತಿ ಗಾಡಿಯಲ್ಲಿ ಕೂರಿಸಿ, ಬಂದು, ಓದದೆಯೇ ಸಹಿ ಹಾಕಿದ. ಅಂಪೈರ್ ಕಾಗದ ಹಿಡಿದು ಹೊರಟುಹೋದ.

ಈಗ ಇಬ್ಬರೇ. ಈ ಗಳಿಗೆಗೆ ಅವಳು ಹದಿನೆಂಟು ವರ್ಷ ಕಾದಿದ್ದಳು.

"ಬಟ್ಟೆ ಎತ್ತಲಿಲ್ಲ ಸರ್ ನಾನು" ಎಂದಳು, ಒಂದೊಂದೇ ಅಕ್ಷರ ಬಿಡಿಸಿ. "ಬೇಕು ಅಂತಲೇ ಎತ್ತಲಿಲ್ಲ. ನನ್ನ ಕೈ ತಿಂದಿರಲ್ಲ, ಅದಕ್ಕೆ."

ಅವನಿಗೆ ಸಿಟ್ಟು ಬರಲಿಲ್ಲ. ಅದು ಅವಳನ್ನು ಇನ್ನಷ್ಟು ಕೆರಳಿಸಿತು.

"ಗೊತ್ತಮ್ಮ" ಎಂದ. "ಬಟ್ಟೆಯನ್ನೇ ನಂಬಿ ನಿಂತೆ, ನಾನೂ ಎಣಿಸಲಿಲ್ಲ. ಎರಡು ಸಲವೂ ಅದೇ ತಪ್ಪು ಮಾಡಿದೆ."

"ಎರಡು ಸಲವೂ ಅಂದ್ರೆ?"

ಅವನು ಗಾಡಿಯ ಕಡೆಗೆ ತಿರುಗಿದ್ದವನು ನಿಂತ.

"ನಿನ್ನ ಆಯ್ಕೆ ತಪ್ಪಬಾರದು ಅಂತ ಅವತ್ತು ಈ ಮೇಜಿನಲ್ಲಿ ಬಟ್ಟೆ ಎತ್ತದೆ ಕೂತಿದ್ದವರು ನಿಮ್ಮಪ್ಪ."