ಪಕ್ಕದ ಕಂಟೇನರ್

ಬಂದರಿನ ಅಂಗಳದಲ್ಲಿ ಕಂಟೇನರಿನ ಬಾಗಿಲು ತೆರೆದದ್ದೇ ತಡ, ಸಿಹಿ ವಾಸನೆ ಗ್ಲಾಡಿಸಳ ಮೂಗಿಗೆ ಬಡಿಯಿತು. ಹೊರದೇಶದ ಪ್ಲಮ್ ಹಣ್ಣು. ಸ್ವಂತ ಹೆಸರಿನಲ್ಲಿ ಅವಳು ತರಿಸಿದ ಮೊದಲ ಸರಕು. ಇಷ್ಟು ಘಮಘಮಿಸತೊಡಗಿತೆಂದರೆ ಕೊಳೆಯಲು ಇನ್ನು ಹೆಚ್ಚು ಹೊತ್ತಿಲ್ಲ. ಅವಳು ಸೀದಾ ಅಧಿಕಾರಿಯ ಕೋಣೆಗೆ ನುಗ್ಗಿದಳು.

“ಸರ್, ಇವತ್ತು ಬಿಡದಿದ್ರೆ ಅಷ್ಟೂ ಹಣ್ಣು ತಿಪ್ಪೆಗೆ ಸುರಿಯಬೇಕಷ್ಟೆ.”

“ನಾನೆಂತ ಮಾಡುದು ಮೇಡಂ? ಹೊಸ ನಿಯಮ. ಹಣ್ಣು, ಬೀಜ, ಮರ, ಹೊರಗಿನಿಂದ ಎಂತ ಬಂದ್ರೂ ನಮ್ಮ ಲ್ಯಾಬಲ್ಲೇ ಪರೀಕ್ಷೆ ಆಗ್ಬೇಕು.”

“ಹಾಗಾದ್ರೆ ಮಾಡಿ ಅಲ್ವಾ.”

“ಲ್ಯಾಬಲ್ಲಿ ಮೆಷಿನ್ ಇಲ್ಲ.”

“ಮೆಷಿನ್ ಇಲ್ಲದೆ ನಿಯಮ ತಂದದ್ದಾ? ಯಾವಾಗ ಬರ್ತದೆ ಅದು?”

“ಬಂದಾಗಿದೆ.” ಅವರು ಕಿಟಕಿಯತ್ತ ಕೈ ತೋರಿಸಿದರು. “ನಿಮ್ಮ ಕಂಟೇನರಿನ ಪಕ್ಕದ್ದರಲ್ಲೇ ಉಂಟು.”

ಗ್ಲಾಡಿಸಳಿಗೆ ಹೋದ ಜೀವ ಬಂದಂತಾಯಿತು. “ಮತ್ತೆ ಇಳಿಸ್ಲಿಕ್ಕೆ ಎಂತ ತಡ ಸರ್? ಬೇಕಾದ್ರೆ ಜನ ನಾನೇ ಕರ್ಕೊಂಡು ಬರ್ತೇನೆ.”

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅದು ಬಂದದ್ದು ಮರದ ಪೆಟ್ಟಿಗೆಯಲ್ಲಿ ಮೇಡಂ. ಮೊದಲು ಆ ಮರದ ಪರೀಕ್ಷೆ ಆಗ್ಬೇಕು.”