ಬ್ಯಾಂಕಿಗೆ ಹೋಗುವ ದಾರಿಯಲ್ಲಿ

“ಫೋನ್ ಕಟ್ ಮಾಡಿದ್ರೆ ನಿಮ್ಮ ಮಗಳು ಸಂಜೆಯೊಳಗೆ ಜೈಲಲ್ಲಿರ್ತಾಳೆ,” ಎಂದ ಪರದೆಯ ಮೇಲಿನ ಇನ್ಸ್‌ಪೆಕ್ಟರ್.

ಗಿರಿಜಾಂಬಾ ಕಟ್ ಮಾಡಲಿಲ್ಲ. ರಾಮಕೃಷ್ಣನಗರದ ಮನೆಯಲ್ಲಿ ಬೆಳಿಗ್ಗೆ ಏಳರಿಂದ ಈ ವಿಡಿಯೋ ಕರೆಗೆ ಕಟ್ಟುಬಿದ್ದು ಕೂತಿದ್ದರು. ಮಗಳು ಮಾಲವಿಕಾ ಮೊದಲ ಪಾಳಿಗೆಂದು ಹೆಬ್ಬಾಳದ ಕಾರ್ಖಾನೆಗೆ ಹೋಗಿದ್ದಳು. ಅವಳ ಹೆಸರಿಗೆ ಬಂದ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆಯಂತೆ. ತಾಯಿ ತಮ್ಮ ಠೇವಣಿಯನ್ನೆಲ್ಲ ‘ಪರಿಶೀಲನೆ’ಗೆ ವರ್ಗಾಯಿಸಿದರೆ ಹುಡುಗಿ ಬಚಾವಂತೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು, ನಕಲು ಹೊಡೆಯುವವರನ್ನು ಬೋರ್ಡಿನ ಕಡೆ ತಿರುಗಿಕೊಂಡೇ ಪತ್ತೆಹಚ್ಚುತ್ತಿದ್ದ ಹೆಂಗಸು! ಮಗಳ ಹೆಸರು ಬಂದದ್ದೇ ತಡ, ಬುದ್ಧಿಗೆ ಮಂಕು ಕವಿಯಿತು. ಕುರಿ ಕಟುಕನನ್ನೇ ನಂಬುತ್ತದೆ ಎನ್ನುವುದು ಸುಮ್ಮನೆ ಅಲ್ಲ.

ತಾನು ದೆಹಲಿಯವನು, ಹೆಸರು ಶರ್ಮಾ ಎಂದಿದ್ದ. ಖಾಕಿ ಅಂಗಿ, ಹುಬ್ಬಿನವರೆಗೂ ಇಳಿದ ಟೋಪಿ. ದೆಹಲಿಯವನಿಗೆ ಇಷ್ಟು ಅಚ್ಚುಕಟ್ಟಾಗಿ ಈ ಸೀಮೆಯ ಕನ್ನಡ ಹೇಗೆ ಬಂತೆಂದು ಒಮ್ಮೆ ಕೇಳಿ ಬೈಸಿಕೊಂಡಿದ್ದರು. ಅವನ ಹಿಂದೆ ಆಗಾಗ ಯಾರೋ ತಿಳಿಯದ ಭಾಷೆಯಲ್ಲಿ ಗದರುತ್ತಿದ್ದರು. ಆಗೆಲ್ಲ ಇವನು ಗಿರಿಜಾಂಬಾರ ಮೇಲೆ ಎರಡರಷ್ಟು ಕೂಗಾಡುತ್ತಿದ್ದ.

“ಇಯರ್‌ಫೋನ್ ಹಾಕ್ಕೊಂಡು ಆಟೋ ಹತ್ತಿ. ಕ್ಯಾಮೆರಾ ಆಚೆ ಕಡೆ ತಿರುಗಿಸಿ. ಬ್ಯಾಂಕಿಗೆ ಆಮೇಲೆ, ಮೊದ್ಲು ಕುಂಬಾರಕೊಪ್ಪಲಿಗೆ. ಅಲ್ಲೊಂದು ಮನೆ ಐತೆ.”

ಬ್ಯಾಂಕು ಗಿರಿಜಾಂಬಾರ ಮನೆಯ ಪಕ್ಕದ ರಸ್ತೆಯಲ್ಲೇ ಇತ್ತು. ಊರಿನ ಆ ತುದಿಯ ಮನೆಯಲ್ಲಿ ಇವನಿಗೇನು ಕೆಲಸ? ಕೇಳುವ ಧೈರ್ಯವಾಗಲಿಲ್ಲ. ಆಟೋ ಹತ್ತಿದರು.

“ಅದೇನು, ಇಡ್ಲಿ ಗಾಡಿನಾ?” ಎಂದ ಅವನು, ಸ್ವಲ್ಪ ದೂರ ಹೋದ ಮೇಲೆ.

“ಹೌದು ಸಾರ್.”

“ಇನ್ನೊಂದ್ ಸಲ ತೋರ್ಸಿ. ಹಬೆ ಬತ್ತಾ ಐತಾ?”

ದಾರಿಯ ಗುರುತು ಹಾಕಿಕೊಳ್ಳುತ್ತಿದ್ದಾನೆ ಅಂದುಕೊಂಡರು. ಇವನ ಕಡೆಯವರು ಹಿಂದೆಯೇ ಬರುತ್ತಿರಬೇಕು. ತಿರುಗಿ ನೋಡಿದರೆ ಹಾಲಿನ ವ್ಯಾನು, ಇಬ್ಬರು ಕಾಲೇಜು ಹುಡುಗಿಯರ ಸ್ಕೂಟರು.

ಒಂದು ಸರ್ಕಾರಿ ಶಾಲೆಯ ಬಳಿ ಆಟೋ ನಿಲ್ಲಿಸಲು ಹೇಳಿದ. ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಂತು ರಾಷ್ಟ್ರಗೀತೆ ಹಾಡುತ್ತಿದ್ದರು. ಇನ್ಸ್‌ಪೆಕ್ಟರ್ ಸೆಟೆದು ಎದ್ದು ನಿಂತ. ಎದ್ದಾಗಲೇ ಕಂಡದ್ದು, ಖಾಕಿ ಅಂಗಿಯ ಕೆಳಗೆ ಮಾಸಿದ ಚಡ್ಡಿ. ಸೆಖೆಗೆ ಪೊಲೀಸರೂ ಹೀಗೆ ಕೂರುತ್ತಾರೇನೋ ಎಂದು ಗಣಿತದ ಮೇಡಂ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಭಯ ಎಂಥವರನ್ನೂ ದಡ್ಡರನ್ನಾಗಿಸುತ್ತದೆ.

“ಇಸ್ಕೂಲಲ್ಲಿ ಇದನ್ನ ಹಾಡೋವಾಗ ಬರೀ ತುಟಿ ಅಲ್ಲಾಡಿಸ್ತಿದ್ದೆ ಮೇಡಂ,” ಎಂದ ಅವನು, ಮೆಲ್ಲಗೆ. “ದೂರ ಬಂದ್ಮೇಲೆ...” ಹಿಂದಿನಿಂದ ಗದರಿಕೆ ಕೇಳಿತು. ತಕ್ಷಣ ಕಿರುಚಿದ: “ಅಳೋದು ನಿಲ್ಸಿ! ಜೈಲು ಗ್ಯಾರಂಟಿ ನಿಮ್ಗೆ!”

ಗಿರಿಜಾಂಬಾ ಅಳುತ್ತಿರಲಿಲ್ಲ.

ಕುಂಬಾರಕೊಪ್ಪಲಿನಲ್ಲಿ ಅವನೇ ದಾರಿ ಹೇಳಿದ. ಬೀರಯ್ಯನ ಮನೆಯಂತೆ, ಹಸಿರು ಬಾಗಿಲು. “ತಟ್ಟಿ. ನೀರು ಕೇಳಿ. ಒಳಕ್ಕೆ ಕರದೇ ಕರೀತಾರೆ, ಹೋಗಿ. ನನ್ನ ವಿಷ್ಯ ಎತ್ತಂಗಿಲ್ಲ. ಫೋನು ಮುಂದಕ್ಕೆ ಹಿಡ್ದೇ ಇರಿ.”

ಒಳಗೆ ಹೋದವರನ್ನು ಕೂಡಿಹಾಕುತ್ತಾರೋ, ಏನಾದರೂ ಕುಡಿಸಿ ಸಹಿ ಹಾಕಿಸಿಕೊಳ್ಳುತ್ತಾರೋ! ಮಗಳ ಮುಖ ನೆನೆದು ಬಾಗಿಲು ತಟ್ಟಿದರು.

ತೆರೆದವಳು ಐವತ್ತೈದರ ಹೆಂಗಸು. ಕೈತುಂಬ ರಾಗಿಹಿಟ್ಟು. “ನೀರಾ? ಒಳಕ್ಕೆ ಬನ್ನಿ ಕಣಮ್ಮ, ಬಾಗ್ಲಲ್ಲಿ ನಿಂತ್ಕೊಂಡು ಕುಡೀಬಾರ್ದು.” ಚಾಪೆ ಹಾಸಿದಳು. ಲೋಟದ ಜೊತೆ ಒಂದು ಚೂರು ಬೆಲ್ಲ ತಂದಿಟ್ಟಳು.

ಗಿರಿಜಾಂಬಾರ ಕಣ್ಣು ಒಳಕೋಣೆಯ ಮೇಲೇ ಇತ್ತು. ಯಾರೂ ಹೊರಗೆ ಬರಲಿಲ್ಲ. ಇಯರ್‌ಫೋನಿನಲ್ಲಿ ಬರೀ ಉಸಿರು.

“ಮನೇಲಿ ಯಾರ್ಯಾರಿದ್ದೀರಿ?” ಎಂದರು, ಲೋಟ ಮುಟ್ಟದೆ.

“ನಾನು, ನಮ್ಮೆಜಮಾನ್ರು. ಮಗ ಒಬ್ಬ ಇದ್ದ. ಈ ದೇಶದಲ್ಲಿ ಏನೈತೆ ಮಣ್ಣು ಅಂತ ಬಯ್ಕೊಂಡು, ಕಂಪ್ಯೂಟ್ರು ಕೆಲ್ಸ ಅಂತ ಅದ್ಯಾವ್ದೋ ದೇಶಕ್ಕೋದ.” ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಕಟ್ಟಡದಿಂದ ಬಿದ್ದೋದ ಅಂತ ಏಜೆಂಟು ಫೋನ್ ಮಾಡ್ದ. ಹೆಣಾನೂ ಬರ್ಲಿಲ್ಲ ಕಣಮ್ಮ. ದರ್ಭೆ ಗೊಂಬೆ ಮಾಡಿ ಮಣ್ಣು ಮಾಡ್ಬುಟ್ಟೋ.”

ಇಯರ್‌ಫೋನಿನಲ್ಲಿ ಏನೋ ಬಿದ್ದ ಸದ್ದು. ಆಮೇಲೆ ಪಿಸುದನಿ: “ಬ್ಯಾಂಕಿಗೆ ಹೋಗ್ಬೇಡಿ ಮೇಡಂ. ನಿಮ್ಮ ಮಗಳಿಗೆ ಏನೂ ಆಗಿಲ್ಲ. ಎಲ್ಲಾ ಸುಳ್ಳು. ಕ್ಯಾಮೆರಾ ಮಾತ್ರ ಒಂದ್ ಗಳಿಗೆ ಅಂಗೇ ಹಿಡ್ಕೊಳ್ಳಿ, ಕೈ ಮುಗೀತೀನಿ.”

ಹೋದ ಜೀವ ಬಂತು ಗಿರಿಜಾಂಬಾರಿಗೆ. ಅದರ ಬೆನ್ನಿಗೇ ಮೈ ಉರಿಯುವಷ್ಟು ಸಿಟ್ಟು. ಮೂರು ಗಂಟೆ ಜೀವ ಹಿಂಡಿದ ಬದ್ಮಾಷನಿಗೆ ನಾಲ್ಕು ಮಾತು ಅನ್ನಬೇಕೆಂದು ಪರದೆ ನೋಡಿದರು. ಅವನು ಟೋಪಿ ತೆಗೆದಿದ್ದ.

“ಇವ್ನೇ ನೋಡಿ ನನ್ನ ಮಗ,” ಎಂದು ಹೆಂಗಸು ಗೋಡೆಯ ಕಡೆ ಕೈ ತೋರಿಸಿದಳು.

ಹಾರ ಹಾಕಿದ ಪಟದಲ್ಲಿ ನಗುತ್ತಿದ್ದವನು, ಗಿರಿಜಾಂಬಾರ ಅಂಗೈಯಲ್ಲಿ ಖಾಕಿ ತೊಟ್ಟು ಅಳುತ್ತಿದ್ದ.